ವಿಭೂತಿ ತಾಗಿದ ಹರಳು

ಅಜ್ಜಂಪುರ
ವಿಶ್ವಾವಸು ಸಂವತ್ಸರದ ಭಾದ್ರಪದ ಶುದ್ಧ ಅಷ್ಟಮಿ, ಭಾನುವಾರ
೩೧–೮–೨೦೨೫

ಚಿರಂಜೀವಿ ಕುಮಾರಿ ತನುಜಾಳಿಗೆ ಅಜ್ಜ ಕಲ್ಲೇಶಪ್ಪನ ಆಶೀರ್ವಾದಗಳು. ಹೀಗೆ ಬರೆಯುವ ಅಧಿಕಾರ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದನ್ನು ಕಾಗದ ಮುಗಿದ ಮೇಲೆ ನೀನೇ ನಿರ್ಧರಿಸಬೇಕು.

‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂಬ ಸಾಲನ್ನು ಬರೆದೇ ಮುಂದಿನ ಮಾತಿಗೆ ಇಳಿಯುವುದು ನನ್ನ ಪದ್ಧತಿಯೆಂದು ನೀನು ಬಲ್ಲೆ. ಈ ಸಲ ಆ ಸಾಲಿಗೆ ಕೈ ಬರಲಿಲ್ಲ. ದೇಹಕ್ಕೆ ಏನೂ ಆಗಿಲ್ಲ. ನಿನ್ನ ಅಜ್ಜಿ ಮಲ್ಲಿಕಾಂಬ ಆರೋಗ್ಯವಾಗಿದ್ದಾಳೆ. ನಿನ್ನ ಅಪ್ಪ ಬಸವೇಶ ಎಂದಿನಂತೆ ಬೆಳಿಗ್ಗೆ ಎದ್ದು ಕೊಬ್ಬರಿಯ ಅಂಗಡಿ ತೆಗೆಯುತ್ತಾನೆ. ಕೆಟ್ಟಿರುವುದು ನನ್ನ ಅಂತರಂಗ ಮಾತ್ರ. ಫೋನಿನಲ್ಲಿ ಹೇಳಿಬಿಡೋಣವೆಂದು ಎರಡು ಮೂರು ಸಲ ನಿನ್ನ ನಂಬರನ್ನು ಒತ್ತಿದೆ. ನಿನ್ನ ದನಿ ಕೇಳಿದೊಡನೆ ಮಳೆಯ ಸಮಾಚಾರ ಹೇಳಿ ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ. ಬರೆದದ್ದಕ್ಕೆ ಇನ್ನೊಂದು ಗುಣವೂ ಉಂಟು: ಇದನ್ನು ನೀನು ನಿನ್ನ ಗುರುಗಳ ಮುಂದೆ ಇಡಬಹುದು. ಇಡಲೇಬೇಕು. ಗುರುವಾರ ನಿಮ್ಮ ವಿಭಾಗದವರು ಕೂಡಿ ನಿನ್ನ ಜೊತೆಗಾರ ಹೇಮಂತನನ್ನು ಹರಳಿನ ಕೆಲಸದಿಂದ ತೆಗೆಯುವ ವಿಚಾರ ಮಾಡುತ್ತಾರೆಂದು ನಿನ್ನೆ ತಿಳಿಸಿದೆಯಲ್ಲ, ಅದಕ್ಕೆ ಮುಂಚೆ ಇದು ಅವರ ಕೈ ಸೇರಬೇಕು. ಅಂಚೆಯನ್ನು ನಂಬಿ ಕುಳಿತುಕೊಳ್ಳುವಷ್ಟು ವ್ಯವಧಾನವಿಲ್ಲ. ಬಸವೇಶನೇ ನಾಳೆಯ ರೈಲಿಗೆ ಹೊರಟು ತಂದುಕೊಡುತ್ತಾನೆ.

ಮೊದಲು ಮುಖ್ಯವಾದುದನ್ನು ಹೇಳಿಬಿಡುತ್ತೇನೆ. ಆ ವಜ್ರದ ಹರಳನ್ನು ಡಬ್ಬಿಯಿಂದ ಹೊರಗೆ ತೆಗೆದವನು ನಾನು. ಒರೆಸಿದವನು ನಾನು. ತಿರುಗಿ ಒಳಗಿಟ್ಟವನೂ ನಾನೇ. ಹೇಮಂತನು ಯಾವ ತಪ್ಪನ್ನೂ ಮಾಡಿಲ್ಲ.

ಇನ್ನು ವಿವರವಾಗಿ ಬರೆಯುತ್ತೇನೆ. ನೀನು ನನಗೆ ತಿಳಿಸಿಕೊಟ್ಟಿದ್ದನ್ನು ನನ್ನ ಮಾತಿನಲ್ಲಿ ಬರೆದರೆ ಬೇಸರಿಸಬೇಡ. ಈ ಮುದುಕ ಎಷ್ಟನ್ನು ತಿಳಿದಿದ್ದು ಏನನ್ನು ಕೆಡಿಸಿದನೆಂಬುದು ನಿನ್ನ ಗುರುಗಳಿಗೂ ಗೊತ್ತಾಗಲಿ.

ಶ್ರಾವಣದ ಮೊದಲ ಸೋಮವಾರದ ಹಿಂದಿನ ಸಂಜೆ ನೀನು ಬಡಗಲಿಂದ ಬರುವ ರೈಲಿನಿಂದ ಇಳಿದೆ. ಹೇಮಂತನು ಬಡಗಲ ಕಡೆಯ ಊರೊಂದರ ಯಂತ್ರಾಗಾರದಲ್ಲಿ ತಿಂಗಳುಗಟ್ಟಲೆ ಇದ್ದು ಸಿದ್ಧಪಡಿಸಿದ ಹರಳನ್ನು ನೀನು ವಿಶ್ವವಿದ್ಯಾನಿಲಯಕ್ಕೆ ಒಯ್ಯುತ್ತಿದ್ದೆ. ದಾರಿಯಲ್ಲಿ ಮನೆ ಸಿಕ್ಕಿತೆಂದು ಒಂದು ರಾತ್ರಿ ಉಳಿದೆ. ಊಟಕ್ಕೆ ಕುಳಿತಾಗ ಪಾರದರ್ಶಕ ಮುಚ್ಚಳದ ಡಬ್ಬಿಯನ್ನು ತೋರಿಸಿದೆ. ಒಳಗೆ ಅಂಟಿನಂಥ ಮೆತ್ತೆಯ ಮೇಲೆ ಅಕ್ಕಿಯ ಕಾಳಿಗಿಂತ ಚಿಕ್ಕದಾದ, ಕಲ್ಲುಸಕ್ಕರೆಯ ಚೂರಿನಂತಿದ್ದ ಒಂದು ಚಪ್ಪಟೆ ಹರಳು. ಇದು ಭೂಮಿಯಲ್ಲಿ ಸಿಕ್ಕಿದ ವಜ್ರವಲ್ಲ, ಬೆಳೆಸಿದ್ದು ಎಂದೆ. ಇಂಗಾಲದ ಕಣಗಳು ಸಾಲಾಗಿ ಕುಳಿತ ಈ ಹರಳಿನೊಳಗೆ ಅಲ್ಲಲ್ಲಿ ಒಂದು ಜಾಗವನ್ನು ಖಾಲಿ ಮಾಡಿ, ಪಕ್ಕದಲ್ಲಿ ಸಾರಜನಕದ ಒಂದು ಕಣವನ್ನು ಕೂಡಿಸಿದ್ದಾರೆ. ಆ ಖಾಲಿ ಜಾಗದಲ್ಲಿ ಎಲೆಕ್ಟ್ರಾನು ಸಿಕ್ಕಿಕೊಂಡಿದೆ. ಅದಕ್ಕೆ ಸ್ಪಿನ್ ಎಂಬುದೊಂದು ಗುಣವಿದೆ ಎಂದೆ. ಬುಗುರಿಯಂತೆಯೋ ಎಂದು ನಾನು ಕೇಳಿದ್ದಕ್ಕೆ ಹೌದೆಂದು ಹೇಳಿ, ಅರೆಗಳಿಗೆ ಬಿಟ್ಟು, ಬುಗುರಿಯೂ ಅಲ್ಲವೆಂದು ನಕ್ಕೆ. ಹಸಿರು ಬೆಳಕನ್ನು ಬಿಟ್ಟರೆ ಆ ತಾಣವು ಕೆಂಪು ಬೆಳಕನ್ನು ಮರಳಿ ಕೊಡುತ್ತದೆ; ಕೆಂಪು ಹೆಚ್ಚಿದೆಯೋ ಮಂಕಾಗಿದೆಯೋ ಎಂಬುದರಿಂದ ಸ್ಪಿನ್ ಯಾವ ಸ್ಥಿತಿಯಲ್ಲಿದೆಯೆಂದು ಓದಬಹುದು; ಅಡುಗೆಯ ಓವನ್ನಿನಲ್ಲಿ ಹರಿಯುವಂಥ ಅಲೆಗಳನ್ನೇ ಹಿತಮಿತವಾಗಿ ಹಾಯಿಸಿ ಅದನ್ನು ನಮಗೆ ಬೇಕಾದಂತೆ ತಿರುಗಿಸಬಹುದು. ಮುಂದೆ ಬರಲಿರುವ ಗಣಕಯಂತ್ರಗಳಿಗೂ, ದೇಹದೊಳಗಿನ ಅತಿಸೂಕ್ಷ್ಮ ಕಾಂತಶಕ್ತಿಯನ್ನು ಅಳೆಯುವುದಕ್ಕೂ ಇದೇ ಬುನಾದಿಯೆಂದು ಹೇಳುವಾಗ ನಿನ್ನ ತುತ್ತು ತಟ್ಟೆಯಲ್ಲಿಯೇ ಆರಿತು.

ಆ ಮಾತಿನ ನಡುನಡುವೆ ಹೇಮಂತನ ಹೆಸರು ಬರುತ್ತಿತ್ತು. ಹೇಮಂತ ಹೀಗೆ ಮಾಡಿದ, ಹೇಮಂತ ಕುಲುಮೆಯ ಮುಂದೆ ನಿದ್ದೆಗೆಟ್ಟ, ಕಡೂರಿನ ಕಾಲೇಜಿನಲ್ಲಿಯೂ ಅವನು ಹೀಗೆಯೇ ಇದ್ದ. ನಿನ್ನ ಅಜ್ಜಿ ರೊಟ್ಟಿ ಬಡಿಸುತ್ತ, “ಇವಳ ಬಾಯಾಗೆ ವಜ್ರಕ್ಕಿಂತ ಆ ಹುಡುಗನ ಹೆಸ್ರೇ ಜಾಸ್ತಿ ಬತ್ತೈತೆ ಕಣ್ರೀ” ಎಂದು ಚುಡಾಯಿಸಿದಳು. ನಾನು, ಯಾರ ಪೈಕಿ ಹುಡುಗ ಎಂದು ಕೇಳಿದೆ. ನೀನು ನನ್ನ ಮುಖವನ್ನು ನೇರವಾಗಿ ನೋಡಿ, “ಬುಕ್ಕಾಂಬುಧಿಯವನು ಅಜ್ಜ. ಕೆರೆ ನೀರುಗಂಟಿ ಈರಪ್ಪನ ಮಗ” ಎಂದೆ. ತೂಬು ತೆಗೆದು ಗದ್ದೆಗಳಿಗೆ ಕೆರೆಯ ನೀರು ಬಿಡುವ ಈರಪ್ಪನನ್ನು ನಾನೂ ಬಲ್ಲೆ; ಹೂಂಗುಟ್ಟಿದೆ. ನೀನು ಮತ್ತೆ ಹರಳಿನ ಮಾತಿಗೆ ಹೋದೆ. ಏಳುವಾಗ ಡಬ್ಬಿಯನ್ನು ನನ್ನ ಕಣ್ಣ ಮುಂದೆ ಹಿಡಿದು, “ನನ್ನ ಎರಡು ವರ್ಷ ಇದರೊಳಗೈತೆ. ಆಶೀರ್ವಾದ ಮಾಡು. ಮುಚ್ಚಳ ಮಾತ್ರ ತೆಗೀಬೇಡ ಕಣಜ್ಜ” ಎಂದೆ.

ಆ ಕೊನೆಯ ಮಾತು ನನಗೆ ಕೇಳಿಸಲಿಲ್ಲವೆಂದು ಹೇಳಿ ಪಾರಾಗಬಹುದಾಗಿತ್ತು. ಕೇಳಿಸಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಪೂಜೆಗೆ ಹೊರಟಾಗ ನೀನು ಪ್ರಯಾಣದ ದಣಿವಿನಲ್ಲಿ ಮಲಗಿದ್ದೆ. ಡಬ್ಬಿಯು ನಿನ್ನ ಚೀಲದ ಮೇಲಿತ್ತು. ಪರೀಕ್ಷೆಯ ಹಾಲ್ ಟಿಕೆಟ್ಟಿನಿಂದ ಹಿಡಿದು ಹೊಸ ಟ್ರ್ಯಾಕ್ಟರಿನ ಬೀಗದ ಕೈಯವರೆಗೆ ಈ ಮನೆಯಲ್ಲಿ ದೇವರ ಮುಂದೆ ಇಡದೆ ಹೊರಗೆ ಹೋದ ವಸ್ತುವಿಲ್ಲ. ನಿನ್ನ ಎರಡು ವರ್ಷಗಳನ್ನು ಹಾಗೆಯೇ ಕಳಿಸಿಕೊಡಲೇ ಎಂದುಕೊಂಡು, ಎತ್ತಿಕೊಂಡು ಹೋಗಿ ಪೂಜೆಯ ಮಣೆಯ ಮೇಲಿಟ್ಟೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ನೆಡುವಾಗ ನಂದಾದೀಪದ ಒಂದು ಕುಡಿ ಆ ಕಪ್ಪು ಕಾಂತಿಯಲ್ಲಿ ನಿಲ್ಲುತ್ತದಲ್ಲ, ಅದನ್ನು ನೋಡುತ್ತಿರುವಾಗ ನಿನ್ನ ಮಾತು ನೆನಪಾಯಿತು. ಬೆಳಕು ಬಿದ್ದರೆ ತಾನೇ ಹರಳು ಬೆಳಕನ್ನು ಕೊಡುವುದು? ಅದರ ಮೇಲೆ ನೇರವಾಗಿ ಬೀಳುವ ಮೊದಲ ಬೆಳಕು ನಿಮ್ಮ ಲೇಸರಿನದಾಗುವುದಕ್ಕಿಂತ ಈ ದೀಪದ್ದಾಗಲಿ ಎಂಬ ಆಸೆ ಹುಟ್ಟಿತು. ಆ ಹೊತ್ತಿನಲ್ಲಿ ಅದು ನನಗೆ ಭಕ್ತಿಯಂತೆಯೇ ತೋರಿತು. ಮುಚ್ಚಳವನ್ನು ತೆಗೆದೆ. ವಿಭೂತಿ ಹಚ್ಚಿದ ಬೆರಳನ್ನು ಹರಳಿಗೆ ತಾಗಿಸಿದೆ.

ಹರಳು ಬೆರಳಿಗೆ ಅಂಟಿಕೊಂಡು ಮೇಲೆದ್ದಿತು. ಗಾಬರಿಯಿಂದ ಕೈ ಕೊಡವಿದೆ. ಅದು ವಿಭೂತಿಯ ತಟ್ಟೆಗೆ ಬಿದ್ದು ಕಾಣೆಯಾಯಿತು.

ಮಗು, ಪೂಜೆಯ ನಡುವೆ ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಿಂದ ಬೂದಿಯನ್ನು ಕೆದಕಿದವನು ನಿನ್ನ ಅಜ್ಜ. ಮಂತ್ರ ನಿಂತುಹೋಗಿತ್ತು. ಕೊನೆಗೆ ಸಿಕ್ಕಿತು. ತೀರ್ಥದ ಬಟ್ಟಲಿನಲ್ಲಿ ಅದ್ದಿ ತೊಳೆದೆ, ಮಡಿವಸ್ತ್ರದ ಸೆರಗಿನಿಂದ ಒರೆಸಿದೆ, ಮೆತ್ತೆಯ ಮೇಲಿಟ್ಟು ಮೆಲ್ಲಗೆ ಒತ್ತಿ ಮುಚ್ಚಳ ಹಾಕಿದೆ. ಎರಡು ಮುಖಗಳೂ ಒಂದೇ ಬಗೆಯಾಗಿ ಹೊಳೆಯುತ್ತಿದ್ದವು. ಅದಕ್ಕೊಂದು ಮೇಲು, ಒಂದು ಕೆಳಗು ಇದೆಯೆಂಬ ಅರಿವು ನನಗಿರಲಿಲ್ಲ. ಕಳೆದುಹೋದದ್ದು ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಆ ದಿನ ಒಂದು ಮಂಗಳಾರತಿಯನ್ನು ಹೆಚ್ಚಾಗಿಯೇ ಮಾಡಿದೆ. ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಿನ್ನ ಅಜ್ಜಿ ಎಲ್ಲವನ್ನೂ ನೋಡಿದಳು. ಮಕ್ಕಳು ತಪ್ಪು ಮಾಡಿ ನಗುವಂತೆ ನಾನು ಅವಳತ್ತ ನಕ್ಕೆ. ಮಧ್ಯಾಹ್ನ ನೀನು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ.

ಆಮೇಲಿನದು ನಿನಗೆ ಗೊತ್ತು. ನನಗೆ ಗೊತ್ತಾದದ್ದು ನಿನ್ನ ಫೋನಿನಿಂದ. ಹರಳನ್ನು ಪೀಠಕ್ಕೆ ಅಂಟಿಸಿ, ಮೇಲೆ ತಂತಿಯನ್ನು ಎಳೆದು, ಹಸಿರು ಬೆಳಕನ್ನು ಬಿಟ್ಟರೆ ಕೆಂಪು ಬರಲಿಲ್ಲವೆಂದೆ. ಸಾರಜನಕವನ್ನು ಒಂದೇ ಮುಖಕ್ಕೆ, ಚರ್ಮದಡಿ ಸೂಜಿಮೊನೆ ಇಳಿದಷ್ಟೂ ಇಲ್ಲದ ಆಳಕ್ಕೆ ಸೇರಿಸಿರುತ್ತಾರೆ. ಆ ಮುಖವು ಮಸೂರದ ಕಡೆಗಿರಬೇಕು. ಅದು ಅಡಿಗಾದರೆ ಮಸೂರದ ನೋಟ ಅಲ್ಲಿಗೆ ಮುಟ್ಟುವುದಿಲ್ಲ ಎಂದು ವಿವರಿಸಿದೆ. ಮುಖ ತಿರುಗಿದೆಯೋ ಏನೋ, ಕಿತ್ತು ಮಗುಚಿ ನೋಡೋಣವೆಂದು ಹೇಮಂತ ಹೇಳುತ್ತಾನೆ. ಆದರೆ ಅಂಟಿಸಿದ್ದನ್ನು ಕಿತ್ತರೆ ಹರಳು ಒಡೆಯಬಹುದು. ಅಲ್ಲದೆ ದಾರಿಯಲ್ಲಿ ಡಬ್ಬಿ ತೆರೆದೇ ಇಲ್ಲದಿರುವಾಗ ಮುಖ ಹೇಗೆ ತಿರುಗೀತು ಎಂದೆ. ಆ ಕ್ಷಣವೇ ಹೇಳಬಹುದಾಗಿತ್ತು. ಶಿವನಿದ್ದಾನೆ, ಸರಿಹೋಗುತ್ತದೆ ಎಂದೆ.

ನಂತರ ನೀನು ಅಳುತ್ತ ಮಾತಾಡಿದ ದಿನ. ಹೇಮಂತ ಬೇರೆ ಯಾವುದೋ ಹರಳನ್ನು ಕೊಟ್ಟಿದ್ದಾನೆ, ಇಲ್ಲವೇ ಕೆಲಸವನ್ನೇ ಮಾಡದೆ ಮಾಡಿದೆನೆಂದು ಹೇಳಿದ್ದಾನೆ ಎಂದು ಎಲ್ಲರೂ ಅನ್ನುತ್ತಿದ್ದಾರೆ. ನೀನೂ ಗುರುಗಳ ಮುಂದೆ ಹಾಗೆಯೇ ಹೇಳಿ ಬಂದಿದ್ದೆ. ಡಬ್ಬಿ ನಿನ್ನ ಕೈ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲವೇ ಎಂದು ಗುರುಗಳು ಕೇಳಿದಾಗ ನೀನು ಕೊಟ್ಟ ಉತ್ತರವನ್ನು ನನಗೆ ಹೇಳಿದೆಯಲ್ಲ: “ನಮ್ಮ ಮನೇಲಿತ್ತು ಸರ್. ನಮ್ಮ ಅಜ್ಜ ಇರೋ ಮನೆ ಅದು.” ಆ ಮಾತನ್ನು ಎರಡನೆಯ ಸಲ ಹೇಳುವಾಗ ನಿನ್ನ ದನಿಯಲ್ಲಿ ಅಳುವಿರಲಿಲ್ಲ, ಹೆಮ್ಮೆಯಿತ್ತು. ನನ್ನನ್ನು ಸಾಕ್ಷಿಯಾಗಿಟ್ಟುಕೊಂಡು ನೀನು ಗೆಳೆಯನನ್ನು ಸುಳ್ಳುಗಾರನೆಂದೆ.

ಯಾಕೆ ಸುಮ್ಮನಿದ್ದೆನೆಂದು ನೀನು ಕೇಳುವೆ. ತರೀಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ಎರಡು ತಲೆಮಾರಿನ ಮಕ್ಕಳಿಗೆ ನಡೆ–ನುಡಿಯ ಪಾಠ ಹೇಳಿದವನು; ನಿವೃತ್ತನಾದ ಮೇಲೆ ಇಲ್ಲಿಯ ಮಠದಲ್ಲಿ ಪುರಾಣಿಕರ ಗದ್ದುಗೆಯ ಮೇಲೆ ಕುಳಿತು ಶ್ರಾವಣಮಾಸವಿಡೀ ಪುರಾಣ ಹೇಳುವವನು. ಒಂದು ಡಬ್ಬಿಯ ಮುಚ್ಚಳ ತೆಗೆಯಬಾರದೆಂಬ ಮೊಮ್ಮಗಳ ಮಾತನ್ನು ಮೀರಿದನೆಂದೂ, ವಿಶ್ವವಿದ್ಯಾನಿಲಯದ ಹರಳನ್ನು ಬೂದಿಯಲ್ಲಿ ಬೀಳಿಸಿದನೆಂದೂ ಊರು ನಗುವುದಲ್ಲ ಎಂಬ ಅಂಜಿಕೆ. ನೀನು ಓದುತ್ತಿರುವ ವಿದ್ಯೆಯ ಬಗೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನಿಗೆ ಅದನ್ನು ಕೆಡಿಸಿದವನು ತಾನೇ ಎಂದು ಹೇಳುವುದು ಕಷ್ಟವಾಯಿತು. ಇದು ಕಾರಣ, ಸಮರ್ಥನೆಯಲ್ಲ.

ಶ್ರಾವಣದ ಕಡೆಯ ಸೋಮವಾರ ಪುರಾಣ ಮುಗಿಸಿ ಮಠದ ಮೆಟ್ಟಿಲಿಗೆ ಬಂದೆ. ಆ ಸಂಜೆ ಹೇಳಿದ ಪ್ರಸಂಗ ಸತ್ಯಕ್ಕಾಗಿ ಸರ್ವಸ್ವವನ್ನೂ ಬಿಟ್ಟ ಶರಣನೊಬ್ಬನದು, ಹೆಂಗಸರು ಕಣ್ಣೊರೆಸಿಕೊಂಡಿದ್ದರು. ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿ ಈರಪ್ಪ ನಿಂತಿದ್ದ. ಬುಕ್ಕಾಂಬುಧಿಯಿಂದ ಬಸ್ಸಿನಲ್ಲಿ ಬಂದು ಮೈಕಿನಲ್ಲಿ ಕೇಳಿದಷ್ಟು ಪುರಾಣವನ್ನು ಹೊರಗೇ ನಿಂತು ಕೇಳಿದ್ದನಂತೆ. ಕೈ ಮುಗಿದು, “ಮೇಷ್ಟ್ರೇ, ನಮ್ಮ್ ಹುಡ್ಗ ಸರಿಯಾಗಿ ಮಾತೇ ಆಡಂಗಿಲ್ಲ ಕಣ್ರೀ. ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಬಿಡ್ತಾನೆ. ನಿಮ್ಮ್ ಮೊಮ್ಮಗಳು ಅಲ್ಲೇ ಅವ್ರಲ್ಲ, ಒಂದ್ಮಾತು ಕೇಳಿ ಹೇಳ್ರಿ. ಅವ್ರು ಜೊತೆಗಿರೋತಂಕ ನಂಗೇನೂ ಭಯ ಇಲ್ಲ” ಎಂದ. ನಾನು ಮೇಲಿನ ಮೆಟ್ಟಿಲಲ್ಲಿ ನಿಂತೇ ಕೇಳಿಸಿಕೊಂಡೆ. ವಿಚಾರಿಸುತ್ತೇನೆ ಎಂದೆ. ಅವನ ಬಸ್ಸಿಗೆ ಹೊತ್ತಾಗುತ್ತದೆಂದು ನಾನೇ ನೆನಪು ಮಾಡಿ ಕಳಿಸಿದೆ.

ಅಂದಿನಿಂದ ಪೂಜೆಗೆ ಕುಳಿತರೆ ದೀಪದ ಕುಡಿ ಲಿಂಗದಲ್ಲಿ ನಿಲ್ಲುವುದಿಲ್ಲ. ದೀಪ ಅದೇ, ಲಿಂಗ ಅದೇ.

ನಿನ್ನೆ ನೀನು ಗುರುವಾರದ ಸಭೆಯ ಸಂಗತಿ ಹೇಳುತ್ತಿದ್ದಾಗ ನಿನ್ನ ಅಜ್ಜಿ ಮಗ್ಗುಲಲ್ಲಿಯೇ ಮೊಸರು ಕಡೆಯುತ್ತಿದ್ದಳು. ಇಷ್ಟು ದಿನ ಅವಳು ಒಂದು ಮಾತನ್ನೂ ಆಡಿರಲಿಲ್ಲ; ನಾನೇ ಹೇಳುತ್ತೇನೆಂದು ಕಾದಿದ್ದಳಂತೆ. ಫೋನಿಟ್ಟ ಮೇಲೆ ಕಡಗೋಲನ್ನು ನಿಲ್ಲಿಸಿ, “ನೀವ್ ಹೇಳ್ತೀರೋ, ನಾ ಹೇಳ್ಲೋ?” ಎಂದಳು. “ಪುರಾಣ ಹೇಳಕ್ಕೆ ಎಷ್ಟ್ ಚೆಂದ ಬತ್ತೈತೆ ನಿಮ್ಗೆ” ಎಂದು ಮಾತ್ರ ಹೇಳಿ ಮತ್ತೆ ಕಡೆಯತೊಡಗಿದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೀಗೆ ಅಂದದ್ದಿಲ್ಲ.

ಆದ್ದರಿಂದ, ನಿನ್ನ ಗುರುಗಳಿಗೆ ನನ್ನ ನಿವೇದನೆ ಇಷ್ಟು. ಹರಳನ್ನು ನಾನು ಮಗುಚಿಯೇ ಇಟ್ಟೆನೆಂದು ಪ್ರಮಾಣ ಮಾಡಿ ಹೇಳಲಾರೆ, ಯಾಕೆಂದರೆ ನೋಡಿ ಇಡಲಿಲ್ಲ. ಆದರೆ ಡಬ್ಬಿ ತೆರೆದಿರಲಿಲ್ಲವೆಂಬುದು ಸುಳ್ಳು. ಆ ಸುಳ್ಳನ್ನು ತನುಜಾ ತಿಳಿಯದೆ ಹೇಳಿದಳು, ನಾನು ತಿಳಿದು ಹೇಳಿಸಿದೆ. ಒಡೆಯುವ ಭಯವಿದ್ದರೂ ಹರಳನ್ನು ಕಿತ್ತು ಇನ್ನೊಂದು ಮುಖವನ್ನು ನೋಡುವ ಅವಕಾಶವನ್ನು ಆ ಹುಡುಗನಿಗೆ ಕೊಡಬೇಕು. ಅಲ್ಲಿ ಕೆಂಪು ಬೆಳಕು ಕಂಡರೆ ಅದು ಅವನ ಕೆಲಸದ ಬೆಳಕು. ಕಾಣದಿದ್ದರೆ, ಅಥವಾ ಹರಳೇ ಒಡೆದರೆ, ತೀರ್ಥವೋ ಬೂದಿಯೋ ನನ್ನ ಬೆರಳೋ ಅದನ್ನು ಹಾಳುಮಾಡಿದೆಯೆಂದು ತಿಳಿಯಬೇಕೇ ಹೊರತು ಅವನ ಮೇಲೆ ಹಾಕಬಾರದು. ಕರೆದರೆ ನಾನು ಬಂದು ಸಭೆಯ ಮುಂದೆ ಹೇಳಲು ಸಿದ್ಧನಿದ್ದೇನೆ.

ತನುಜಾ, ಹೇಮಂತನ ಮೇಲೆ ನೀನು ಆಡಿದ ಮಾತನ್ನು ಅವನೆದುರಿಗೆ ನೀನೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ನನ್ನಿಂದಾಗದು. ಅವನು ಕ್ಷಮಿಸದಿದ್ದರೆ ಆ ಭಾರವೂ ನನ್ನದೆಂದು ಅವನಿಗೆ ಹೇಳು. ಮುಂದಿನ ಶ್ರಾವಣಕ್ಕೆ ಪುರಾಣಕ್ಕೆ ಬೇರೆಯವರನ್ನು ನೋಡಿಕೊಳ್ಳಿರೆಂದು ಮಠಕ್ಕೆ ತಿಳಿಸಿದ್ದೇನೆ. ಅದನ್ನು ತ್ಯಾಗವೆಂದು ಭಾವಿಸಬೇಡ. ಬಾಯಿ ಬರುವುದಿಲ್ಲ, ಅಷ್ಟೆ.

ನಿನ್ನ ನಂಬಿಕೆಗೆ ಅಯೋಗ್ಯನಾದ,
ಅಜ್ಜ
ಕಲ್ಲೇಶಪ್ಪ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೇಲಿನದನ್ನು ಬಸವೇಶನಿಗೂ ನಿನ್ನ ಅಜ್ಜಿಗೂ ಓದಿ ಹೇಳಿದ್ದೇನೆ. ಕೇಳಿ ಮುಗಿದ ಮೇಲೆ ನಿನ್ನ ಅಜ್ಜಿ, ಇದರಲ್ಲಿ ಎಲ್ಲವೂ ಇದೆಯೇ ಎಂದು ಕೇಳಿದಳು. ಇರಲಿಲ್ಲ.

ಹರಳಿನ ಒಂದೇ ಮುಖದಲ್ಲಿ ಕೆಲಸ ಆಗಿದೆಯೆಂದು ನೀನು ಊಟದ ಹೊತ್ತಿನಲ್ಲಿಯೇ ಹೇಳಿದ್ದೆಯಂತೆ. ಈ ಮುಖವೇ ಮೇಲಿರಬೇಕೆಂದು ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸಿದ್ದೆಯಂತೆ. ನಿನ್ನ ಅಜ್ಜಿಗೆ ಚೆನ್ನಾಗಿ ನೆನಪಿದೆ. ನನಗೆ ನೆನಪಿಲ್ಲ, ಯಾಕೆಂದರೆ ನಾನು ಕೇಳುತ್ತಿರಲಿಲ್ಲ. ನೀರುಗಂಟಿಯ ಮಗನೆಂದು ನೀನು ಹೇಳಿದ ಮೇಲೆ ನನ್ನ ಕಿವಿ ಮುಚ್ಚಿಹೋಗಿತ್ತು. ಅವನ ಹೆಸರನ್ನು ಹೇಳುವಾಗ ನಿನ್ನ ಮುಖ ಹೇಗಾಗುತ್ತದೆಂಬುದನ್ನೇ ನೋಡುತ್ತ, ಇದು ಎಲ್ಲಿಗೆ ಹೋಗಿ ನಿಲ್ಲುವುದೋ, ನಮ್ಮ ಮಠಕ್ಕೆ, ನಮ್ಮ ಬೀಗರಿಗೆ ಏನು ಹೇಳುವುದೋ ಎಂದು ಲೆಕ್ಕ ಹಾಕುತ್ತಿದ್ದೆ. ಯಾರನ್ನೂ ಯಾರ ಪೈಕಿಯೆಂದು ಕೇಳಬಾರದೆಂದು ಗದ್ದುಗೆಯ ಮೇಲಿಂದ ಅದೆಷ್ಟು ಸಲ ಹೇಳಿದ್ದೇನೆ; ಅಂದು ಮನೆಯಲ್ಲಿ ಬಾಯಿಗೆ ಮೊದಲು ಬಂದ ಪ್ರಶ್ನೆಯೇ ಅದು.

ಅವನು ಸುಳ್ಳುಗಾರನೆಂದು ನೀನು ಅತ್ತ ದಿನ, ಮಗು, ನನಗೆ ಸಮಾಧಾನವಾಯಿತು. ನಾಚಿಕೆ ಬಂದದ್ದು ಆಮೇಲೆ. ಊರಿನ ನಗೆಗೆ ಹೆದರಿ ಸುಮ್ಮನಿದ್ದೆನೆಂದು ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಅದು ಅರ್ಧ.

ಈ ಹಾಳೆಯನ್ನು ನಿನ್ನ ಗುರುಗಳಿಗೆ ತೋರಿಸಬೇಕಾಗಿಲ್ಲ. ಹೇಮಂತನಿಗೆ ತೋರಿಸು. ತೋರಿಸಲೋ ಬೇಡವೋ ಎಂದು ನೀನು ನನ್ನ ಮಾನವನ್ನು ಕಾಯುತ್ತ ಕೂರಬಾರದೆಂದು, ನಾಳೆ ಬಸವೇಶ ರೈಲು ಹತ್ತಿದ ಕೂಡಲೇ ನಾನು ಬುಕ್ಕಾಂಬುಧಿಯ ಬಸ್ಸು ಹತ್ತುತ್ತೇನೆ. ಈರಪ್ಪನಿಗೆ ಇದನ್ನೇ ಬಾಯಾರೆ ಹೇಳುತ್ತೇನೆ. ಅವನು ಜಗಲಿಯ ಮೇಲೆ ಕುಳಿತುಕೊಳ್ಳಿರೆಂದರೆ ಕುಳಿತು ಹೇಳುತ್ತೇನೆ. ಅನ್ನದಿದ್ದರೆ, ಅಂದು ಅವನು ನಿಂತಿದ್ದ ಹಾಗೆ, ಕೆಳಗೆ ಚಪ್ಪಲಿಗಳ ಪಕ್ಕದಲ್ಲಿ ನಿಂತೇ ಹೇಳುತ್ತೇನೆ.